ನೀರು ಬೇಡ ಎಂದವರು

ಕೊರೋನಾ ತಗ್ಗಿ, ಆಸ್ಪತ್ರೆಗಳು ಮತ್ತೆ ಮಾಮೂಲು ಕಾಯಿಲೆಗಳ ಕಡೆ ತಿರುಗಿದ ವರ್ಷ ಅದು. ತಿರುಪ್ಪೂರು ಜಿಲ್ಲೆಯ ಒಂದು ಪುರಸಭೆಯ ಊರಿನಲ್ಲಿ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಲ್ಯಾಬ್ ಟೆಕ್ನೀಶಿಯನ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ತಪ್ಪು ಯಾರದು ಎಂದು ಕೇಳಿದರೆ ಇಂದಿಗೂ ನನ್ನ ಬಳಿ ಸರಿಯಾದ ಉತ್ತರವಿಲ್ಲ. ಹಾಗಿರುವಾಗ ಹೆಸರು ಹೇಳಿ ಯಾರನ್ನು ನೋಯಿಸಲಿ?

ನಾನು ಹುಟ್ಟಿದ್ದು ತಾಳವಾಡಿಯಲ್ಲಿ. ಅದು ತಮಿಳುನಾಡಿಗೆ ಸೇರಿದ್ದರೂ ನಮ್ಮ ಕಾಲಕ್ಕೆ ಅಲ್ಲಿ ಕನ್ನಡ ಶಾಲೆ ಇತ್ತು; ಹಾಗಾಗಿ ಈ ಅಕ್ಷರಗಳು ನನಗೆ ಬಂದವು. ಕೊಟ್ಟ ಮನೆ ನೇಯ್ಗೆಯವರದು. ಮನೆಯೊಳಗೆ ಎಲ್ಲರೂ ಕನ್ನಡವನ್ನೇ ಆಡುತ್ತಾರೆ, ಆದರೆ ಓದಲು ಒಬ್ಬರಿಗೂ ಬಾರದು. ಬಾಗಿಲು ದಾಟಿದರೆ ತಮಿಳು. ಮೂವತ್ತು ವರ್ಷ ನಾನು ರೋಗಿಗಳ ಜೊತೆ ಮಾತಾಡಿದ್ದು ತಮಿಳಿನಲ್ಲೇ.

ನನ್ನ ಲ್ಯಾಬ್ ಒಂದು ಸಣ್ಣ ಕೋಣೆ. ಒಂದು ಮೈಕ್ರೋಸ್ಕೋಪು, ರಕ್ತ ಮೂತ್ರಗಳನ್ನು ಗಿರಗಿರನೆ ತಿರುಗಿಸಿ ಗಷ್ಟನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜ್, ಒಂದು ಫ್ರಿಜ್ಜು. ಸಕ್ಕರೆ, ಹಿಮೋಗ್ಲೋಬಿನ್, ಮಲೇರಿಯಾ, ಕಫ, ಮೂತ್ರ ಇಷ್ಟೇ ಪರೀಕ್ಷೆಗಳು. ರೋಗಿಯ ಮುಖ ನೋಡುವುದು ಅರ್ಧ ನಿಮಿಷ, ಅವರ ಮೂತ್ರ ನೋಡುವುದು ಐದು ನಿಮಿಷ. ಅದೇ ನನ್ನ ಕೆಲಸ ಎಂದುಕೊಂಡಿದ್ದೆ.

ಆ ವರ್ಷವೇ ಊರಿನ ಸಂತೆ ರಸ್ತೆಯ ಅಗಲೀಕರಣ ಮುಗಿದಿತ್ತು. ಬಸ್ ಸ್ಟ್ಯಾಂಡಿನಿಂದ ತರಕಾರಿ ಸಂತೆಯವರೆಗೆ, ಲಾರಿ ಬಸ್ಸುಗಳು ಒಂದರ ಮೈಗೆ ಒಂದು ಉಜ್ಜಿಕೊಂಡು ಹೋಗುತ್ತಿದ್ದ ದಾರಿ ಈಗ ನಾಲ್ಕು ಸಾಲಿನ ರಸ್ತೆಯಾಗಿತ್ತು. ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿ. ಎರಡೂ ಬದಿ ನೆಲಹಂಚು ಹಾಸಿದ ಫುಟ್‌ಪಾತು, ಹೊಸ ದೀಪ. ನಾನು ಸ್ಕೂಟಿಯಲ್ಲಿ ಡ್ಯೂಟಿಗೆ ಹೋಗುವ ಹೊತ್ತು ಅರ್ಧಕ್ಕೆ ಇಳಿಯಿತು. ಇಂಥ ರಸ್ತೆ ಮಾಡಿದವರು ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹರಸಿದವಳು ನಾನು.

ಮಾರ್ಚ್ ತಿಂಗಳು ಬಿಸಿಲು ಏರಿದ ಹಾಗೆ ಮೂತ್ರದ ಸ್ಯಾಂಪಲ್‌ಗಳು ಕೆಡತೊಡಗಿದವು. ಮೈಕ್ರೋಸ್ಕೋಪಿನಲ್ಲಿ ಒಂದು ನೋಟಕ್ಕೆ ಕಾಣುವಷ್ಟು ಜಾಗಕ್ಕೆ ನಾವು ಫೀಲ್ಡ್ ಎನ್ನುತ್ತೇವೆ. ಒಂದು ಫೀಲ್ಡಿನಲ್ಲಿ ಐದರ ತನಕ ಕೀವಿನ ಕಣ ಇದ್ದರೆ ಚಿಂತೆಯಿಲ್ಲ. ನನಗೆ ಇಪ್ಪತ್ತು, ಮೂವತ್ತು ಕಾಣುತ್ತಿದ್ದವು. ಕೆಲವೊಮ್ಮೆ ಎಣಿಸಲಾಗದೆ ‘ತುಂಬಾ’ ಎಂದು ಬರೆಯುತ್ತಿದ್ದೆ. ಮೂತ್ರ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಸ್ಟ್ರಿಪ್ಪಿನ ಚೌಕ ಕೊನೆಯ ಬಣ್ಣಕ್ಕೇ ಹೋಗಿ ನಿಲ್ಲುತ್ತಿತ್ತು. ಬಾಟಲಿಯಲ್ಲಿ ಇರುತ್ತಿದ್ದುದು ಕಡು ಚಹಾದ ಬಣ್ಣ. ಬಂದವರೆಲ್ಲ ಹೆಂಗಸರು.

ನಮ್ಮ ವೈದ್ಯಾಧಿಕಾರಿ ಡಾಕ್ಟರ್ ಮೀನಾಕ್ಷಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಚುರುಕು. ಒಂದು ದಿನ ವರದಿಗಳ ಕಂತೆ ಹಿಡಿದುಕೊಂಡು ಲ್ಯಾಬಿಗೇ ಬಂದರು.

“ಅಕ್ಕಾ, ಸ್ಟ್ರಿಪ್ ಸರಿಯಿದೆಯಾ? ಇಷ್ಟು ಜನಕ್ಕೆ ಒಟ್ಟಿಗೆ ಹೇಗೆ ಬರುತ್ತೆ?”

ನನಗೂ ಅದೇ ಅನುಮಾನ. ಹೊಸ ಡಬ್ಬಿ ಒಡೆದೆ. ನನ್ನ ಮೂತ್ರ, ನಮ್ಮ ನರ್ಸ್ ಒಬ್ಬರ ಮೂತ್ರ ಎರಡನ್ನೂ ಪರೀಕ್ಷಿಸಿದೆ. ಎರಡೂ ಸರಿಯಾಗಿದ್ದವು. ಹಾಗಾದರೆ ಹಿಡಿಯುವ ರೀತಿಯಲ್ಲಿ ತಪ್ಪಿರಬಹುದೆಂದು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದೆ: ಮೊದಲಿನದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು, ಬಾಟಲಿಯ ಬಾಯಿ ಮುಟ್ಟಬಾರದು. ಮತ್ತೆ ಅದೇ ಕೀವು. ಸಕ್ಕರೆ ಕಾಯಿಲೆ ಇದ್ದರೆ ಸೋಂಕು ಬೇಗ ಹತ್ತುತ್ತದೆ. ಎಲ್ಲರ ಸಕ್ಕರೆ ನೋಡಿದೆ. ಮೂರು ಜನಕ್ಕೆ ಬಿಟ್ಟರೆ ಯಾರಿಗೂ ಇರಲಿಲ್ಲ.

ಆಮೇಲೆ ನೀರಿನ ಸರದಿ. ಕೊಳೆನೀರು ಕುಡಿಯುವ ನೀರಿಗೆ ಸೇರಿದರೆ ಬರುವುದು ವಾಂತಿಭೇದಿ, ಇದಲ್ಲ ಎಂದು ಡಾಕ್ಟರ್ ಮೀನಾಕ್ಷಿಗೆ ಗೊತ್ತಿತ್ತು. ಆದರೂ ಬೇರೆ ದಾರಿ ತೋಚದೆ ವಿಳಾಸಗಳನ್ನೆಲ್ಲ ತೆಗೆದುಕೊಂಡು ಗೋಡೆಯ ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿದರು. ಒಂದು ಬೀದಿಯಲ್ಲಿ ಗುಂಪಾಗಿ ಕಂಡಿದ್ದರೆ ಅಲ್ಲಿಗೆ ಹೋಗಬಹುದಿತ್ತು. ಸೂಜಿಗಳು ಎರಚಿದ ಸಾಸಿವೆಯ ಹಾಗೆ ನಕ್ಷೆಯ ತುಂಬ ಚೆಲ್ಲಿಕೊಂಡವು. ಅರ್ಧದಷ್ಟು ವಿಳಾಸಗಳು ನಕ್ಷೆಯ ಆಚೆಗೆ, ಸುತ್ತಲಿನ ಹಳ್ಳಿಗಳಲ್ಲಿ ಬಿದ್ದವು.

“ನನಗೇನೂ ಅರ್ಥ ಆಗ್ತಿಲ್ಲ,” ಎಂದರು ಅವರು. ಡಾಕ್ಟರು ಹಾಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಹೆಂಗಸರಲ್ಲಿ ಒಬ್ಬಳು ಮಲ್ಲಿಕಾ. ಇಪ್ಪತ್ತಮೂರರ ಹುಡುಗಿ, ಚೊಚ್ಚಲ ಬಸುರಿ. ಐದನೇ ತಿಂಗಳಲ್ಲಿ ಮಾಡಿದ ಪರೀಕ್ಷೆಯಲ್ಲಿ ಕೀವು ಕಂಡಿತು. ಬಸುರಿಯರಿಗೆ ಕೊಡಬಹುದಾದ ಮಾತ್ರೆ ಒಂದು ವಾರಕ್ಕೆ ಕೊಟ್ಟೆವು. ಕಡಿಮೆಯಾಯಿತು. ಮುಂದಿನ ತಿಂಗಳು ಮತ್ತೆ ಬಂತು, ಮತ್ತೆ ಮಾತ್ರೆ. ಅವಳನ್ನು ಪ್ರತಿಸಲ ಕರೆದುಕೊಂಡು ಬರುತ್ತಿದ್ದವಳು ಅತ್ತೆ ರಂಗಮ್ಮ. ಐವತ್ತೈದರ ಆಸುಪಾಸು, ಒಣಗಿದ ಮೈಕಟ್ಟು, ಮೂಗಿನ ಎರಡೂ ಬದಿಗೆ ಬೊಟ್ಟು. ನನ್ನೊಡನೆ ತಮಿಳಿನಲ್ಲಿ ಎರಡೇ ಮಾತು ಆಡುತ್ತಿದ್ದಳು: “ಸರಿಂಗ”, “ವರೇಂಗ”. ಅಂದರೆ ಸರಿ, ಬರ್ತೀನಿ. ಇಬ್ಬರೂ ಸೊಪ್ಪು ಮಾರುವವರು ಎಂಬುದು ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಲಿಂಗ, ವಿಳಾಸ, ಪರೀಕ್ಷೆ, ಫಲಿತಾಂಶ ಇಷ್ಟಕ್ಕೇ ಅಂಕಣಗಳಿದ್ದವು.

ಮೇ ತಿಂಗಳ ಮೊದಲ ವಾರ ಮಲ್ಲಿಕಾ ಆಟೋದಲ್ಲಿ ಬಂದಳು. ಹೊರಗೆ ಕಾದ ಕಾವಲಿಯಂಥ ಬಿಸಿಲು, ಒಳಗೆ ಅವಳು ಗಡಗಡ ನಡುಗುತ್ತಿದ್ದಳು. ಸೊಂಟದ ಹಿಂದೆ ಮುಟ್ಟಿದರೆ ಚೀರುತ್ತಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಬಸುರಿಯರಲ್ಲಿ ಇದು ಅಪಾಯದ ಮಾತು, ಹೆರಿಗೆ ಅಕಾಲದಲ್ಲಿ ಶುರುವಾಗಬಹುದು. ಡಾಕ್ಟರ್ ಮೀನಾಕ್ಷಿ ಗ್ಲೂಕೋಸ್ ಹಾಕಿಸಿ ಆಂಬುಲೆನ್ಸ್ ಕರೆಸಿದರು. ಸ್ಟ್ರೆಚರಿನ ಪಕ್ಕ ಓಡುತ್ತ ರಂಗಮ್ಮ ಸೊಸೆಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ಹೆದರ್ಬೇಡ ಕಣ್ಣು, ನಾನಿದ್ದೀನಿ. ಕಣ್ಣ್ ಮುಚ್ಬೇಡ, ನನ್ನೇ ನೋಡು.”

ಕನ್ನಡ. ಎರಡು ತಿಂಗಳು ನಾವಿಬ್ಬರೂ ಎದುರೆದುರು ನಿಂತು ತಮಿಳಿನಲ್ಲಿ ಸರಿ, ಬರ್ತೀನಿ ಎಂದುಕೊಂಡಿದ್ದೆವು!

ಮಲ್ಲಿಕಾಳನ್ನು ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ನಾಲ್ಕನೇ ದಿನ ರಂಗಮ್ಮ ಒಬ್ಬಳೇ ನಮ್ಮ ಕೇಂದ್ರಕ್ಕೆ ಬಂದಳು. ಸೊಸೆಯ ಹತ್ತಿರ ಮಗ ಇದ್ದಾನೆ, ಜ್ವರ ಇಳಿದಿದೆ, ತನಗೂ ಉರಿ ಶುರುವಾಗಿದೆ ಎಂದಳು. ಡಾಕ್ಟರು ಚೀಟಿ ಬರೆದು ನನ್ನ ಬಳಿ ಕಳಿಸಿದರು. ಬಾಟಲಿ ತೆಗೆದುಕೊಂಡು ಹೋದವಳು ಖಾಲಿ ಬಾಟಲಿಯೊಂದಿಗೆ ವಾಪಸ್ಸು ಬಂದಳು.

“ಬರ್ಲಿಲ್ಲ ಅಮ್ಮಣಿ.”

ಮಧ್ಯಾಹ್ನ ಹನ್ನೆರಡು ದಾಟಿತ್ತು. ನಾನು ಕನ್ನಡದಲ್ಲೇ ಹೇಳಿದೆ: “ಪರವಾಗಿಲ್ಲ ಅಕ್ಕ. ಎರಡು ಲೋಟ ನೀರು ಕುಡಿದು ಕೂತ್ಕೊಳ್ಳಿ. ಅರ್ಧ ಗಂಟೆಯಲ್ಲಿ ಬರುತ್ತೆ.”

ಕನ್ನಡ ಕೇಳಿ ಅವಳ ಮುಖ ಸಡಿಲಾಯಿತು. ಯಾವ ಊರು, ಯಾರ ಪೈಕಿ ಎಂದೆಲ್ಲ ವಿಚಾರಿಸಿದಳು. ಅವರದು ತಲೆಮಾರುಗಳಿಂದ ಇಲ್ಲೇ ಬೇಸಾಯ ಮಾಡಿಕೊಂಡಿದ್ದ ಕನ್ನಡದ ಮನೆತನ. ನಾನು ನೀರಿನ ಲೋಟ ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟಲಿಲ್ಲ.

“ನೀರ್ ಬೇಡ.”

“ಯಾಕಕ್ಕ?”

ಸುತ್ತ ನೋಡಿದಳು. ಬಾಗಿಲ ಹತ್ತಿರ ಇಬ್ಬರು ಗಂಡಸರು ಸಕ್ಕರೆ ಪರೀಕ್ಷೆಗೆ ಕೂತಿದ್ದರು. ಅವರಿಗೆ ಕನ್ನಡ ಬಾರದೆಂಬ ಧೈರ್ಯಕ್ಕೋ ಏನೋ, ದನಿ ತಗ್ಗಿಸದೇ ಹೇಳಿದಳು.

“ಇಲ್ಲಿಂದ ನಾನು ಯಾಪಾರಕ್ಕೆ ಹೋಗ್ಬೇಕು. ಸಾಯಂಕಾಲ ಏಳರ್ಗೂ ರೋಡ್ನಾಗೆ ಕೂತಿರ್ಬೇಕು. ಈಗ ಕುಡ್ದ್ರೆ ಆಮೇಲೆ ಎಲ್ಲಿಗ್ ಹೋಗ್ಲಿ? ನಾವ್ ಯಾರೂ ಕುಡಿಯಲ್ಲ ಅಮ್ಮಣಿ. ಬೆಳಿಗ್ಗೆ ಒಂದ್ ಟೀ, ಆಮೇಲೆ ಮನೆಗೆ ಹೋದ್ಮೇಲೇ.”

“ನಾವ್ ಅಂದ್ರೆ ಯಾರು?”

“ಸಂದೆ ರೋಡ್ನಾಗೆ ಕೂರೋ ಹೆಂಗಸ್ರೆಲ್ಲ.”

ನಾಳೆ ಬೆಳಿಗ್ಗೆ ಮನೆಯಿಂದಲೇ ಹಿಡಿದು ತನ್ನಿ ಎಂದು ಬಾಟಲಿ ಕೊಟ್ಟು ಅವಳನ್ನು ಕಳಿಸಿದೆ. ನೀರು ಕುಡಿಯದೆ, ಬಂದದ್ದನ್ನು ಗಂಟೆಗಟ್ಟಲೆ ತಡೆದುಕೊಂಡರೆ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಸಂತೆ ರಸ್ತೆಯಲ್ಲಿ ಹೊಸ ಶೌಚಾಲಯ ಇದೆಯಲ್ಲ! ದಿನಾ ಸ್ಕೂಟಿಯಲ್ಲಿ ಅದರ ಮುಂದೆಯೇ ಹೋಗುತ್ತೇನೆ. ಬಿಳಿ ಟೈಲ್ಸು, ಗೋಡೆಯ ಮೇಲೆ ನವಿಲಿನ ಚಿತ್ರ, ಉಚಿತ ಎಂಬ ಬೋರ್ಡು. ಎದುರಿಗೇ ಇರುವಾಗ ಎಲ್ಲಿಗೆ ಹೋಗಲಿ ಎಂದು ಅವಳು ಕೇಳಿದ್ದು ಏಕೆ?

ಆ ವಾರ ಒಂದು ದಿನ ರಜೆ ಹಾಕಿ ಬೆಳಿಗ್ಗೆ ಏಳಕ್ಕೇ ಅಲ್ಲಿಗೆ ಹೋದೆ. ರಂಗಮ್ಮ ತೊಂಡಾಮುತ್ತೂರು ಕಡೆಯಿಂದ ಬಂದ ದಂಟು, ಮೆಂತ್ಯೆ, ಪಾಲಕ್ಕಿನ ಕಟ್ಟುಗಳನ್ನು ಗೋಣಿಯ ಮೇಲೆ ಜೋಡಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಹೂವಿನವರು, ನಿಂಬೆಹಣ್ಣಿನವರು, ಬಾಳೆಹಣ್ಣಿನವರು. ಹಿಂದೆ ಬಟ್ಟೆ ಅಂಗಡಿಗಳ ಸಾಲು. ನೇರ ಎದುರಿಗೆ, ರಸ್ತೆಯ ಆಚೆ ಬದಿ, ನವಿಲಿನ ಶೌಚಾಲಯ. ಕೂಗಿದರೆ ಕೇಳುವಷ್ಟು ಹತ್ತಿರ. ನಾನು ಅವಳ ಪಕ್ಕ ಕೂತು ಸೊಪ್ಪಿಗೆ ನೀರು ಚಿಮುಕಿಸುತ್ತ ಇದ್ದೆ. ಹನ್ನೊಂದಕ್ಕೆ ನನಗೇ ಅವಸರವಾಯಿತು.

ಎದ್ದು ನಿಂತು ನೋಡಿದೆ. ನಡುವೆ ಬೇಲಿ. ಹತ್ತಲು ಸೀರೆಯುಟ್ಟ ಐವತ್ತೈದರ ಹೆಂಗಸಿಗೆ ಆಗುವುದಿಲ್ಲ. ಒಂದು ಕಡೆ ಸಿಗ್ನಲ್ಲಿನವರೆಗೆ ಬೇಲಿ, ಇನ್ನೊಂದು ಕಡೆ ಬಸ್ ಸ್ಟ್ಯಾಂಡಿನವರೆಗೆ. ಸಿಗ್ನಲ್ಲಿಗೆ ನಡೆದೆ, ಹಸಿರು ಬೀಳುವವರೆಗೆ ಕಾದೆ, ದಾಟಿದೆ, ಆಚೆ ಬದಿ ಅಷ್ಟೇ ದೂರ ಹಿಂದಕ್ಕೆ ನಡೆದೆ. ಶೌಚಾಲಯ ನಿಜಕ್ಕೂ ಸ್ವಚ್ಛವಾಗಿತ್ತು. ಅದೇ ದಾರಿಯಲ್ಲಿ ಮರಳಿದಾಗ ಗಡಿಯಾರ ನೋಡಿಕೊಂಡೆ. ಇಪ್ಪತ್ತೆರಡು ನಿಮಿಷ. ಬೆವರಿನಲ್ಲಿ ಬ್ಲೌಸು ಮೈಗೆ ಅಂಟಿತ್ತು.

ರಂಗಮ್ಮ ನಕ್ಕಳು. “ನೀವು ಆಸ್ಪತ್ರಿಯವ್ರು, ರಜಾ ಹಾಕ್ಕಂಡು ಹೋಗಿ ಬಂದ್ರಿ.”

“ಪಕ್ಕದವರು ಸೊಪ್ಪು ನೋಡ್ಕೊಳ್ಳಲ್ವಾ ಅಕ್ಕ?”

“ಮೊದ್ಲು ನೋಡ್ಕತಿದ್ರು. ಆಗ ಸಂದೆ ಬಾಗ್ಲಲ್ಲೇ ಇತ್ತು, ಹಳೇದು. ನಾತ ಅಂದ್ರೆ ನಾತ. ಆದ್ರೂ ಎರಡ್ ನಿಮಿಷದಲ್ಲಿ ಹೋಗಿ ಬರ್ತಿದ್ವು. ರೋಡ್ ದೊಡ್ದ್ ಮಾಡೋವಾಗ ಅದನ್ನ ಒಡೆದ್ರು. ಈಗ ಆಳಿಲ್ದೆ ಬುಟ್ಟಿ ಇದ್ರೆ ಪುರಸಭೆ ವಂಡಿ ಬಂದು ಎತ್ಕಂಡೋಗುತ್ತೆ. ಪಕ್ಕದವ್ಳು ತನ್ದ್ ನೋಡ್ಕತಾಳೋ, ನನ್ದ್ ನೋಡ್ಕತಾಳೋ? ಮಲ್ಲಿಕಾ ಒಂದ್ಸಲ ಬೇಲಿ ಹತ್ತಕ್ಕೆ ಹೋದ್ಲು. ಬಸುರಿ. ನಾನೇ ಬೈದು ಇಳಿಸ್ದೆ. ಅವತ್ತಿಂದ ಅವ್ಳೂ ನೀರ್ ಬಿಟ್ಲು.”

ಕೊನೆಯ ಮಾತು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಮೆಂತ್ಯೆಯ ಒಂದು ಕಟ್ಟು ಬಿಚ್ಚಿ ಮತ್ತೆ ಕಟ್ಟಿದಳು.

ಮರುದಿನದಿಂದ ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಅಂಕಣ ಎಳೆದೆ: ಹಗಲು ಎಲ್ಲಿರುತ್ತೀರಿ? ಹಿಂದೆ ಬಂದವರಿಗೂ ಫೋನ್ ಮಾಡಿ ಕೇಳಿದೆ. ಮೂವತ್ತೊಂದು ಜನರಲ್ಲಿ ಇಪ್ಪತ್ತೆರಡು ಜನ ಸಂತೆ ರಸ್ತೆಯ ಆ ಒಂದೇ ಬದಿಯವರು. ಸೊಪ್ಪಿನವರು, ಹೂವಿನವರು, ಬಟ್ಟೆ ಅಂಗಡಿಯಲ್ಲಿ ನಿಂತು ಸೀರೆ ಬಿಚ್ಚಿ ತೋರಿಸುವ ಹುಡುಗಿಯರು. ಅವರೆಲ್ಲ ಬೇರೆ ಬೇರೆ ಊರುಗಳಲ್ಲಿ ಮಲಗುತ್ತಿದ್ದರು, ಒಂದೇ ಜಾಗದಲ್ಲಿ ಬದುಕುತ್ತಿದ್ದರು. ನಾವು ಸೂಜಿ ಚುಚ್ಚಿದ್ದು ಅವರು ಮಲಗುವ ಜಾಗಕ್ಕೆ. ಉಳಿದ ಒಂಬತ್ತು ಜನಕ್ಕೂ ಆ ರಸ್ತೆಗೂ ಸಂಬಂಧವೇ ಇರಲಿಲ್ಲ. ಅವರಿಗೆ ಏಕೆ ಬಂತು ಎಂಬುದು ತಿಳಿಯಲಿಲ್ಲ, ಬಿಸಿಲಿಗೆ ಇರಬಹುದು.

ಡಾಕ್ಟರ್ ಮೀನಾಕ್ಷಿ ಮತ್ತು ನಾನು ಆ ಪಟ್ಟಿ ಹಿಡಿದುಕೊಂಡು ಪುರಸಭೆಯ ಇಂಜಿನಿಯರನ್ನು ಕಂಡೆವು. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಆತ ಕೂರಿಸಿ, ಪಟ್ಟಿಯ ಒಂದೊಂದು ಸಾಲನ್ನೂ ಓದಿದ.

“ಮೇಡಂ, ಹಳೇ ಶೌಚಾಲಯದಲ್ಲಿ ಹೆಂಗಸರಿಗೆ ಎರಡು ಕೋಣೆ ಇತ್ತು, ಬಾಗಿಲಿರಲಿಲ್ಲ. ಈಗ ಆರಿದೆ, ನೀರಿದೆ, ದುಡ್ಡು ಕೊಡಬೇಕಾಗಿಲ್ಲ. ಇಷ್ಟು ದಿನದಲ್ಲಿ ಒಬ್ಬರೂ ದೂರು ಕೊಟ್ಟಿಲ್ಲ.”

“ಬೇಲಿ?” ಎಂದರು ಡಾಕ್ಟರು.

ಆತ ಬೀರುವಿನಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟ. ಬೇಲಿ ಇಲ್ಲದಿದ್ದ ಕಾಲದಲ್ಲಿ ಆ ರಸ್ತೆ ದಾಟುವಾಗ ಲಾರಿ ಬಸ್ಸಿಗೆ ಸಿಕ್ಕವರ ಕಾಗದಗಳು. ಮೇಲೆ ಒಂದು ಫೋಟೊ. ನಾನು ಮುಖ ತಿರುಗಿಸಿದೆ.

“ಬೇಲಿ ಹಾಕಿದ ಮೇಲೆ ಇದಕ್ಕೆ ಒಂದು ಕಾಗದವೂ ಸೇರಿಲ್ಲ. ತೆಗೆ ಅಂತೀರಾ? ನೀವು ಬರೆದುಕೊಡಿ, ತೆಗೀತೀನಿ.”

ಅವನ ಫೈಲೂ ನಿಜ, ನನ್ನ ಪಟ್ಟಿಯೂ ನಿಜ. ಹೊರಗೆ ಬಂದು ಸ್ಕೂಟಿಯ ಹತ್ತಿರ ನಿಂತು ಡಾಕ್ಟರನ್ನು ಕೇಳಿದೆ: “ನಾವು ಕೇಳ್ತಿರೋದು ಸರೀನಾ?” ಅವರು, “ಗೊತ್ತಿಲ್ಲ ಅಕ್ಕಾ, ಆದ್ರೆ ಸುಮ್ಮನಿರೋದು ಸರಿಯಲ್ಲ ಅಂತ ಮಾತ್ರ ಗೊತ್ತು” ಎಂದರು.

ಅದೇ ಬದಿಯಲ್ಲಿ ಒಂದು ಚಿಕ್ಕ ಶೌಚಾಲಯ ಕೊಡಿ ಎಂದು ಬರೆದೆವು. ಅಂಗಡಿಯವರು ವಾಸನೆ ಬರುತ್ತದೆಂದು ಸಹಿ ಹಾಕಿ ತಡೆದರು. ಅವರ ಅಂಗಡಿಯ ಹುಡುಗಿಯರ ಹೆಸರೇ ನಮ್ಮ ಪಟ್ಟಿಯಲ್ಲಿತ್ತು. ರಂಗಮ್ಮನನ್ನು ಪುರಸಭೆಗೆ ಕರೆದುಕೊಂಡು ಹೋಗೋಣವೆಂದರೆ ಅವಳು ಒಪ್ಪಲಿಲ್ಲ. “ಗಂಡಸ್ರ ಮುಂದೆ ನಿಂತ್ಕಂಡು ಇದನ್ನ ಹೇಳ್ಲಾ? ಬೇರೆ ಏನಾದ್ರೂ ಕೇಳಿ ಅಮ್ಮಣಿ, ಬತ್ತೀನಿ” ಎಂದಳು. ದೂರು ಬಂದಿಲ್ಲ ಎಂದು ಇಂಜಿನಿಯರ್ ಹೇಳಿದ್ದು ಸುಳ್ಳಲ್ಲ ಎಂದು ಆಗ ತಿಳಿಯಿತು. ದೂರು ಕೊಡುವ ಬಾಯಿಗೇ ನಾಚಿಕೆ ಬೀಗ ಹಾಕಿತ್ತು.

ಕೊನೆಗೆ ದಾರಿ ತೋರಿಸಿದ್ದು ಅದೇ ಇಂಜಿನಿಯರ್. ಶೌಚಾಲಯದ ನೇರಕ್ಕೆ ಬೇಲಿಯಲ್ಲಿ ಇಬ್ಬರು ಹಾಯುವಷ್ಟು ಜಾಗ ಬಿಡಿಸಿ, ಎರಡೂ ಬದಿ ರಸ್ತೆಗೆ ಉಬ್ಬು ಹಾಕಿಸಿ, ಹಗಲು ಹೊತ್ತು ಒಬ್ಬ ಕಾವಲುಗಾರನನ್ನು ನಿಲ್ಲಿಸಿದ. ಅಕ್ಕಪಕ್ಕ ಯಾರಾದರೂ ಇದ್ದರೆ ಬುಟ್ಟಿ ಎತ್ತಬಾರದೆಂದು ಪುರಸಭೆಯ ಗಾಡಿಯವರಿಗೆ ಬಾಯಿಮಾತಿನಲ್ಲಿ ಹೇಳಿದ. ಇಷ್ಟಾಗಲು ಐದು ತಿಂಗಳು ಹಿಡಿಯಿತು.

ಅಷ್ಟರೊಳಗೆ ಮಲ್ಲಿಕಾಗೆ ಹೆರಿಗೆಯಾಗಿತ್ತು. ದೊಡ್ಡಾಸ್ಪತ್ರೆಯಿಂದ ಬಂದು ಮನೆಯಲ್ಲೇ ಇದ್ದಳು, ನೀರೂ ಕುಡಿಯುತ್ತಿದ್ದಳು, ಸೋಂಕು ಹೋಗಿತ್ತು. ಆದರೂ ಜೂನ್ ಕೊನೆಗೆ, ದಿನ ತುಂಬಲು ಇನ್ನೂ ಆರು ವಾರ ಇರುವಾಗ, ನೋವು ಬಂತು. ಹೆಣ್ಣುಮಗು, ಒಂದು ಕಿಲೋ ಎಂಟುನೂರು ಗ್ರಾಂ. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ರಂಗಮ್ಮ ಆ ದಿನಗಳಲ್ಲಿ ಸೊಪ್ಪು ಮಾರಿ ನೇರ ಕೊಯಮತ್ತೂರಿನ ಬಸ್ಸು ಹತ್ತುತ್ತಿದ್ದಳು. ಮಗು ಉಳಿಯಿತು.

ಅಕ್ಟೋಬರಿನಲ್ಲಿ ಬೇಲಿ ಬಿಡಿಸಿದ ವಾರವೇ ಮಳೆ ಹಿಡಿಯಿತು. ಬಿಸಿಲು ಇಳಿಯಿತು, ಊರು ತಂಪಾಯಿತು. ನನ್ನ ಮೈಕ್ರೋಸ್ಕೋಪಿನಲ್ಲಿ ಕೀವಿನ ಕಣಗಳು ಕಡಿಮೆಯಾದವು. ಖುಷಿಯಿಂದ ಪಟ್ಟಿ ಮಾಡಿ ಡಾಕ್ಟರ್ ಮೀನಾಕ್ಷಿಯ ಮುಂದಿಟ್ಟೆ. ಅವರು ನೋಡಿ ನಿಧಾನಕ್ಕೆ ಕೇಳಿದರು:

“ಇದು ಬೇಲಿಯದೋ ಮಳೆಯದೋ?”

ಮುಂದಿನ ಬೇಸಿಗೆಗೆ ಗೊತ್ತಾಗುತ್ತದೆ ಎಂದುಕೊಂಡೆವು. ಮುಂದಿನ ಬೇಸಿಗೆ ಬಂತು. ಸ್ಯಾಂಪಲ್‌ಗಳು ಹಿಂದಿನಷ್ಟು ಕೆಡಲಿಲ್ಲ. ಆದರೆ ಆ ಹೊತ್ತಿಗೆ ಹೂವಿನವರಲ್ಲಿ ಕೆಲವರು ಹೊಸ ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದರು, ಅಂಗಡಿಯ ಹುಡುಗಿಯರು ಬದಲಾಗಿದ್ದರು, ನಾವೂ ಕಂಡವರಿಗೆಲ್ಲ ನೀರು ಕುಡಿಯಿರಿ ಎಂದು ಹೇಳಿ ಹೇಳಿ ತಲೆ ತಿಂದಿದ್ದೆವು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ನನ್ನಿಂದ ಆಗಲಿಲ್ಲ. ಬೇಲಿಯ ಸಂದಿಯಲ್ಲಿ ಒಂದು ಬೈಕು ನುಗ್ಗಿ ಬಾಳೆಹಣ್ಣಿನ ಹೆಂಗಸೊಬ್ಬಳ ಕಾಲು ಉಳುಕಿದ ದಿನ ನಾನು ಊಟ ಮಾಡಲಿಲ್ಲ.

ನಿವೃತ್ತಿಯ ಹಿಂದಿನ ತಿಂಗಳು ಮಲ್ಲಿಕಾ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಲ್ಯಾಬಿಗೆ ಬಂದಳು. ಮಗುವಿಗೆ ಹಿಮೋಗ್ಲೋಬಿನ್ ನೋಡಬೇಕಿತ್ತು. ಬೆರಳು ಚುಚ್ಚಿದಾಗ ಅತ್ತಿತು, ಆಮೇಲೆ ಹತ್ತಿ ಹಿಡಿದುಕೊಂಡು ಸುಮ್ಮನಾಯಿತು. ಹೊರಡುವ ಮುಂಚೆ ಮಲ್ಲಿಕಾ ಬಾಗಿಲಲ್ಲಿ ನಿಂತಳು.

“ಅಕ್ಕಾ, ಇವ್ಳು ಬೇಗ ಹುಟ್ಟಿದ್ದು ಅದ್ರಿಂದ್ಲೇನಾ? ನಾನು ನೀರ್ ಕುಡೀದೇ ಇದ್ದಿದ್ದಕ್ಕಾ? ಅತ್ತೆ ಹಂಗೇ ಅಂದ್ಕಂಡಿದ್ದಾರೆ. ಬೈದು ಇಳಿಸಿದ್ನಲ್ಲ ಅಂತ ಇನ್ನೂ ಅಳ್ತಾರೆ.”

ಅಲ್ಲ ಎಂದು ಹೇಳಬಹುದಿತ್ತು. ಅವಳಿಗೆ ಸಮಾಧಾನವಾಗುತ್ತಿತ್ತು. ಹೌದು ಎಂದರೆ ನನ್ನ ಪಟ್ಟಿಗೆ ಬಲ ಬರುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರುಗಳೇ ಖಚಿತವಾಗಿ ಹೇಳಿರಲಿಲ್ಲ.

“ಗೊತ್ತಿಲ್ಲಮ್ಮ,” ಎಂದೆ. “ನಿಜವಾಗಿಯೂ ಗೊತ್ತಿಲ್ಲ. ಆದ್ರೆ ಅತ್ತೆಗೆ ಹೇಳು, ಇದು ಅವರ ತಪ್ಪಂತೂ ಅಲ್ಲ. ಬಸುರಿ ಬೇಲಿ ಹತ್ತುವಾಗ ಯಾವ ಅತ್ತೆಯಾದ್ರೂ ಇಳಿಸ್ತಾಳೆ.”

ಅವಳು ತಲೆಯಾಡಿಸಿ ಹೋದಳು.

ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಏನೆಂದು ಬೀಳ್ಕೊಡುಗೆಯ ದಿನ ಕೇಳಿದರು. ಧನ್ಯವಾದ ಮಾತ್ರ ಹೇಳಿ ಕೂತೆ. ಈಗ ಬರೆಯುತ್ತೇನೆ. ಮಲ್ಲಿಕಾಳ ಹೆಸರಿನ ಮುಂದೆ ‘ಕೀವಿನ ಕಣ ತುಂಬಾ’ ಎಂದು ನಾನು ಮೂರು ಸಲ ಬರೆದಿದ್ದೇನೆ. ಮೂರು ಸಲವೂ ವರದಿ ಸರಿಯಾಗಿತ್ತು, ಮೂರು ಸಲವೂ ಕೆಳಗೆ ಸಹಿ ಹಾಕಿ ಮುಂದಿನ ಬಾಟಲಿ ಎತ್ತಿಕೊಂಡೆ. ಸರಿಯಾದ ವರದಿ ಬರೆಯುವುದು ಕೆಲಸದ ಅರ್ಧ ಮಾತ್ರ. ಇನ್ನರ್ಧ, ತಲೆಯೆತ್ತಿ ಎದುರಿನವರನ್ನು ಅವರ ಮಾತಿನಲ್ಲೇ ಕೇಳುವುದು: ಹಗಲೆಲ್ಲ ಎಲ್ಲಿರುತ್ತೀಯಮ್ಮ, ಅಲ್ಲಿ ಹೇಗಿದೆ? ಕೇಳಿದ ಮೇಲೂ ಎಲ್ಲ ತಿಳಿಯುತ್ತದೆಂದು ನಾನು ಹೇಳಲಾರೆ. ನನಗೆ ತಿಳಿಯಲಿಲ್ಲ. ಆದರೆ ನಾನು ಮಾರ್ಚಿನಲ್ಲೇ ಕೇಳಿದ್ದರೆ ಆ ಹುಡುಗಿ ಮೇ ತಿಂಗಳ ಬಿಸಿಲಿನಲ್ಲಿ ಹಾಗೆ ನಡುಗುತ್ತಿರಲಿಲ್ಲ ಎಂಬಷ್ಟು ತಿಳಿದಿದೆ.